ಕೆಂಪು ಗಂಟಿನ ಏಳು ಚೀಲ

ಕಸದ ಲಾರಿ ಗಲ್ಲಿಯ ಮೂಲೆ ತಿರುಗಿ ಮರೆಯಾಯಿತು. ಗ್ಲೌಸಮ್ಮ ಸೊಂಟದ ಮೇಲೆ ಎರಡೂ ಕೈಯಿಟ್ಟು, ಇಡೀ ನಗರವನ್ನೇ ಗುಡಿಸಿ ಮುಗಿಸಿದವಳ ಹಾಗೆ ಉಸಿರು ಬಿಟ್ಟಳು. ಅಜ್ಜಿಯ ಗುಡಿಸಲಿನ ಮುಂದಿದ್ದ ಚೀಲಗಳ ರಾಶಿ ಮಾಯ. ಹೊರದೇಶದಿಂದ ಸೇವೆಗೆಂದು ಬಂದಿಳಿದು ಇನ್ನೂ ಐದು ದಿನ. ಅಷ್ಟರಲ್ಲೇ ಬಡತನದ ಒಂದು ಮೂಲೆಯನ್ನಾದರೂ ಲಾರಿ ಹತ್ತಿಸಿ ಕಳಿಸಿದೆನಲ್ಲ ಅಂತ ಅವಳ ಕಣ್ಣು ತುಂಬಿ ಬಂತು. ಊಟದ ಹೊತ್ತಿಗೂ ಕಳಚದ ಹಳದಿ ರಬ್ಬರ್ ಗ್ಲೌಸಿನಿಂದಾಗಿ ಗಲ್ಲಿಯವರು ಇಟ್ಟ ಹೆಸರು ಗ್ಲೌಸಮ್ಮ. ಅವಳು ಅದನ್ನು ಬಿರುದು ಅಂದುಕೊಂಡಿದ್ದಳು.

ಕಣ್ಣು ತುಂಬುವುದು ಅವಳಿಗೆ ಹೊಸದೇನಲ್ಲ. ಹತ್ತು ಹೆಜ್ಜೆಯ ಮನೆಯಲ್ಲಿ ಆರು ಜನ ಮಲಗುತ್ತಾರೆಂದು ಪುಸ್ತಕದಲ್ಲಿ ಓದಿದ್ದಳೇ ಹೊರತು, ಮಲಗಿದವರ ಕಾಲು ಬಾಗಿಲಾಚೆ ಚಾಚಿಕೊಂಡಿರುವುದನ್ನು ನೋಡಿರಲಿಲ್ಲ. ಮೊದಲ ದಿನ ಗಲ್ಲಿಯ ನಡುವೆ ನಿಂತು ಗಳಗಳ ಅತ್ತಿದ್ದಳು. ಆಗ ಬಾಯ್ತುಂಬ ನಕ್ಕು ತೋರಿಸಿದವಳು ಚಿಂದಿ ಆಯುವ ಈ ಅಜ್ಜಿಯೊಬ್ಬಳೇ. ಗ್ಲೌಸಮ್ಮ ಥಟ್ಟನೆ ಫೋಟೊ ಹೊಡೆದು, ‘ಏನೂ ಇಲ್ಲದವರ ಎಲ್ಲವೂ ಇರುವ ನಗು’ ಎಂದು ಬರೆದು ತನ್ನ ದೇಶಕ್ಕೆಲ್ಲ ಹಂಚಿದ್ದಳು.

ನೀರಿನ ಸಾಲಿನಿಂದ ಅಜ್ಜಿ ಕೊಡ ಹೊತ್ತು ಬಂದಳು. ಬಂದವಳು ಕೊಡ ಇಳಿಸಲೇ ಇಲ್ಲ.

“ನನ್ನ ಚೀಲ ಎಲ್ಲಿ?”

“ತಾವು ಸಂತೋಷಪಡಬೇಕು,” ಎಂದಳು ಗ್ಲೌಸಮ್ಮ. ಮೂರು ತಿಂಗಳು ಕ್ಲಾಸಿನಲ್ಲಿ ಕೂತು ಕಲಿತ ಭಾಷೆ. ಅದರಲ್ಲಿ ಜಗಳದ ಪಾಠವಿರಲಿಲ್ಲ. “ಸಮಸ್ತ ತ್ಯಾಜ್ಯವನ್ನು ನಾನು ಲಾರಿಗೆ ಹಾಕಿಸಿದೆನು. ಇಂದು ನಮ್ಮ ಸಂಸ್ಥೆಯ ಹೊಸ ತಂಡ ಆಗಮಿಸುತ್ತದೆ. ತಮ್ಮ ಮನೆ ಸುಂದರವಾಗಿ ಕಾಣಬೇಕು.”

“ತ್ಯಾಜ್ಯನಾ? ಅಯ್ಯೋ, ನಿನ್ನ ಸೇವೆಗಿಷ್ಟು ಬೆಂಕಿ ಹಾಕ! ಇಪ್ಪತ್ತು ದಿನ ಬೀದಿ ಬೀದಿ ಸುತ್ತಿ ಆಯ್ದಿದ್ದು ಕಣೇ ಅದು! ಹಾಲಿನ ಕವರು ಒಂದೊಂದೇ ತೊಳೆದು ಒಣಗಿಸಿದ್ದೆ. ಮುಚ್ಚಳ ಬೇರೆ, ಬಾಟ್ಲಿ ಬೇರೆ, ತಾಮ್ರದ ತಂತಿ ಬೇರೆ. ಸಂಜೆ ಗುಜರಿಯವನು ಬಂದು ಏಳೂ ಚೀಲ ತಗೊಂಡು ಸೂರಿಗೆ ತಗಡು ಕೊಡ್ತೀನಿ ಅಂದಿದ್ದ. ಇದನ್ನ ಇನ್ನೆಷ್ಟು ದಿನ ಹೊದ್ದುಕೊಂಡು ಸಾಯಲಿ?”

ಅಜ್ಜಿ ತೋರಿಸಿದ ಕಡೆ ಗ್ಲೌಸಮ್ಮ ತಲೆಯೆತ್ತಿದಳು. ಗುಡಿಸಲಿನ ಸೂರೆಂದರೆ ಅವರದೇ ಸಂಸ್ಥೆಯ ಹಳೆಯ ಫ್ಲೆಕ್ಸು. ಅದರಲ್ಲಿ ನಗುತ್ತಿದ್ದ ಮಗುವಿನ ಬಾಯಿ ಇರುವಲ್ಲೇ ಹರಿದು, ಮೊನ್ನೆಯ ಮಳೆಯೆಲ್ಲ ಆ ಬಾಯಿಂದಲೇ ಅಜ್ಜಿಯ ಚಾಪೆಗೆ ಸುರಿದಿತ್ತು.

“ನಿನ್ನ ಮನೆಗೆ ನಾನು ಬಂದು, ನಿನ್ನ ಬೀರು ಖಾಲಿ ಮಾಡಿ, ಎಷ್ಟು ಚೆಂದ ಗುಡಿಸಿದೀನಿ ನೋಡು ತಾಯಿ ಅಂದ್ರೆ ಹೇಗಿರುತ್ತೆ? ಬಾಯಿ ಬಿಟ್ಕೊಂಡು ನಿಲ್ಲಬೇಡ, ನಡಿ! ಲಾರಿ ಸುರಿಯೋ ಗುಡ್ಡಕ್ಕೆ ಮೂರು ಗಂಟೆಗೆ ಬುಲ್ಡೋಜರ್ ಬಂದು ಎಲ್ಲದರ ಮೇಲೂ ಮಣ್ಣು ಎಳೆಯುತ್ತೆ.”

ಗಲ್ಲಿಯ ಹಿಂದೆ ಅರ್ಧ ಗಂಟೆ ಓಡಿದರೆ ಕಸದ ಗುಡ್ಡ. ನಗರದ ದೊಡ್ಡವರಿಗೆ ಅದಕ್ಕಿಂತ ಎತ್ತರದ ಸ್ಮಾರಕ ಇನ್ನೊಂದಿರಲಿಲ್ಲ. ಅಜ್ಜಿ ತನ್ನ ತಲೆಬಟ್ಟೆ ಬಿಚ್ಚಿ ಗ್ಲೌಸಮ್ಮನ ತಲೆಗೆ ಸುತ್ತಿದಳು. “ಕೆಂಪು ಗಂಟು ಹುಡುಕು. ನನ್ನ ಹಳೇ ಲಂಗ ಹರಿದು ಕಟ್ಟಿದೀನಿ.” ಮೊದಲೆರಡು ಚೀಲ ಬೇಗ ಸಿಕ್ಕವು. ಮೂರನೆಯದು ಒಡೆದು ಊರ ಕಸದಲ್ಲಿ ಕಲಸಿಹೋಗಿತ್ತು.

“ಗ್ಲೌಸ್ ಬಿಚ್ಚು,” ಎಂದಳು ಅಜ್ಜಿ. “ಬೆರಳಿಗೆ ಕಣ್ಣು ಕಟ್ಟಿದ್ರೆ ಆಯೋದು ಹೇಗೆ? ಇದೇನು?”

“ಹಾಲಿನ ಕವರು.”

“ನಿನ್ನ ತಲೆ. ಬಿಸ್ಕತ್ತಿನದು. ಕಿವಿ ಹತ್ರ ಹಿಡಿದು ಉಜ್ಜು. ಚರಚರ ಅಂತಲ್ಲ? ಚರಚರ ಅನ್ನೋದು ಯಾರಿಗೂ ಬೇಡ, ಗುಜರಿಯವನಿಗೂ ಬೇಡ.”

ಗ್ಲೌಸಮ್ಮ ಗ್ಲೌಸ್ ಕಳಚಿ ಉಜ್ಜಿದಳು, ಮೂಸಿದಳು, ಒಮ್ಮೆ ವಾಂತಿ ಮಾಡಿಕೊಂಡು ಬಾಯೊರೆಸಿ ಮತ್ತೆ ಕೂತಳು. ಚೀಲ ಸಾಲದೆ ಸಂಸ್ಥೆಯ ಕಿತ್ತಳೆ ಜಾಕೀಟನ್ನೇ ಒಳಹೊರಗು ಮಾಡಿ ಕವರು ತುಂಬಿ ಗಂಟು ಕಟ್ಟಿದಳು. ಮೂರಕ್ಕೆ ಹತ್ತು ನಿಮಿಷವಿರುವಾಗ ಅವಳ ಮುಖ ಬಾಣಲೆಯ ತಳ. ಸಿಕ್ಕ ಚೀಲ ಆರು. ಏಳನೆಯದೇ ತಂತಿಯದು. ಅದಿಲ್ಲದಿದ್ದರೆ ಗುಜರಿಯವನು ತಗಡನ್ನು ತೋರಿಸಿ ವಾಪಸ್ ಒಯ್ಯುತ್ತಾನೆಂದು ಅಜ್ಜಿ ಆಗಲೇ ಮೂರು ಸಲ ಹೇಳಿದ್ದಳು.

ಕೆಳಗೆ ಬುಲ್ಡೋಜರ್ ಕೆಮ್ಮಿತು. ಅದೇ ಕ್ಷಣ ಗ್ಲೌಸಮ್ಮನಿಗೆ ಇಪ್ಪತ್ತು ಹೆಜ್ಜೆ ಆಚೆ, ಕೊಳೆತ ಹಾಸಿಗೆಯೊಂದರಡಿ, ಕೆಂಪು ಕಂಡಿತು. “ಅಜ್ಜೀ, ಅಲ್ಲಿದೆ ನೋಡು!” ಎಂದು ಕಿರುಚಿದಳು. ಕ್ಲಾಸಿನ ಭಾಷೆ ಎಲ್ಲೋ ಬಿದ್ದುಹೋಗಿತ್ತು.

ಇಬ್ಬರೂ ಎದ್ದು ಓಡುವಷ್ಟರಲ್ಲಿ ದಾರಿಗೆ ಅಡ್ಡ ಹತ್ತು ಕಿತ್ತಳೆ ಜಾಕೀಟು. ಗಲ್ಲಿಗಿಂತ ಮೊದಲು ಕಸದ ಗುಡ್ಡ ನೋಡಲೆಂದು ವ್ಯಾನಿನಿಂದ ಆಗಷ್ಟೇ ಇಳಿದ ಹೊಸ ತಂಡ. ಹೊಸ ಹಳದಿ ಗ್ಲೌಸು ತೊಟ್ಟ ಹುಡುಗಿಯೊಬ್ಬಳು ಕಣ್ಣೊರೆಸಿಕೊಳ್ಳುತ್ತ ಮುಂದೆ ಬಂದು ಕ್ಯಾಮೆರಾ ಎತ್ತಿದಳು.

“ತಾಯಿ, ಮಗಳೇ, ದಯವಿಟ್ಟು ನಿಲ್ಲಿರಿ. ತಮ್ಮ ಒಂದು ಭಾವಚಿತ್ರ ತೆಗೆಯಬಹುದೇ?”

‘ಅಯ್ಯೋ, ನಾನು ನಿಮ್ಮವಳೇ’ ಎನ್ನಲು ಗ್ಲೌಸಮ್ಮ ಬಾಯಿ ತೆರೆದಳು. ಹೇಳಿದರೆ ಆಶ್ಚರ್ಯ, ಅಪ್ಪುಗೆ, ಏನು ಎತ್ತ ಎಂಬ ವಿಚಾರಣೆ, ಅಳು. ಕಮ್ಮಿಯೆಂದರೂ ಅರ್ಧ ಗಂಟೆ. ಅವರ ಬೆನ್ನ ಹಿಂದೆ ಬುಲ್ಡೋಜರ್ ಹಲಗೆ ಎತ್ತಿಕೊಂಡು ಗುಡ್ಡ ಏರುತ್ತಿತ್ತು.

ಅಜ್ಜಿ ಅವಳ ಸೊಂಟ ಚಿವುಟಿದಳು.

“ನಗು ಕಣೇ, ಬಾಯ್ತುಂಬ. ನಗೋವರೆಗೂ ಇವು ದಾರಿ ಬಿಡಲ್ಲ.”