ವಜಾ ಆದ ಖುಷಿ

ಕೋರ್ಟಿನ ಮೆಟ್ಟಿಲು ಹತ್ತುವಾಗ ಲೂಷಿಯಸ್ ಟ್ರೆಡ್‌ವೆಲ್ ಸಿಳ್ಳೆ ಹಾಕುತ್ತಿದ್ದ. ಕೈಗೆ ಬೇಡಿ, ಕಾಲಿಗೆ ಸರಪಳಿ. ಮುಖದಲ್ಲಿ ಮಾತ್ರ ಮದುವಣಿಗನ ಕಳೆ. ಜೈಲಿನ ಅಂಗಿಯನ್ನು ಹಾಸಿಗೆಯಡಿ ಒತ್ತಿಟ್ಟು ಗರಿಗರಿ ಮಾಡಿಕೊಂಡಿದ್ದ.

“ಏನಜ್ಜಾ, ಇಷ್ಟು ಕುಣೀತಿದ್ದೀಯ? ಹಿಂದಿನ ಎರಡೂ ದಾವೇನ ಕಾಗದ ನೋಡೇ ಎಸೆದ್ರು. ಇದೂ ಸೋಲುತ್ತೆ,” ಎಂದ ಕಾವಲುಗಾರ ಹೋಬರ್ಟ್.

“ಸೋಲ್ಲಿ ಬಿಡು ಮಾರಾಯ. ಈ ಸಲ ಬಾಯಿಬಿಟ್ಟು ಹೇಳೋಕೆ ಕರೆದಿದ್ದಾರಲ್ಲ!”

ಅಲಬಾಮಾದ ಆ ಜೈಲಿನಲ್ಲಿ ಅವನಿಗೆ ದಾವೆಹುಚ್ಚ ಎಂದೇ ಹೆಸರು. ಪಿಸ್ತೂಲು ತೋರಿಸಿ ಔಷಧದಂಗಡಿ ದೋಚಿದ್ದಕ್ಕೆ ಮೂವತ್ತು ವರ್ಷದ ಹಿಂದೆ ಜೀವಾವಧಿ ಶಿಕ್ಷೆ. ಪೊಲೀಸರು ಸುಳ್ಳು ಸಾಕ್ಷಿ ಹುಟ್ಟಿಸಿ ತನ್ನ ಹಕ್ಕು ಕಸಿದರು, ಪರಿಹಾರ ಕೊಡಿಸಿ ಎಂದು ಇವನ ದಾವೆ. ತಾನು ಕಳ್ಳನಲ್ಲ ಎಂದು ಮನೆಗೆ ಬರೆದ ಪತ್ರಗಳನ್ನು ಮನೆಯವರು ಒಡೆದೂ ನೋಡದೆ ಹಿಂದಿರುಗಿಸಿದ್ದರು. ಭೇಟಿಯ ದಿನ ಅವನಿಗಾಗಿ ಯಾರೂ ಬರುತ್ತಿರಲಿಲ್ಲ. ಕೂತು ಪೂರ್ತಿ ಕೇಳುವ ಎರಡು ಕಿವಿ ಸಿಕ್ಕರೆ ಸಾಕೆಂದು ಪಾಪ, ಹಂಬಲಿಸಿಹೋಗಿದ್ದ.

ನ್ಯಾಯಾಧೀಶ ಕ್ವಿಗ್ಲಿಯವರಿಗೆ ಹಸಿವಾಗಿತ್ತು, ಗಡಿಯಾರ ನೋಡುತ್ತಿದ್ದರು. ಪೀಠದ ಕೆಳಗೆ ಸ್ಟೆನೋ ಮಿಸೆಸ್ ಬೋಲ್ಡನ್ ತಲೆ ತಗ್ಗಿಸಿ, ಯಂತ್ರದ ಮೇಲೆ ಬೆರಳಿಟ್ಟು ಕೂತಿದ್ದಳು. ಅಲ್ಲಿ ಆಡಿದ ಒಂದು ಮಾತನ್ನೂ ಅವಳು ಬಿಡುವಂತಿಲ್ಲ.

“ದರೋಡೆ ಆದ ಹೊತ್ತಲ್ಲಿ ನಾನು ಶಾಲೇಲಿದ್ದೆ ಸ್ವಾಮಿ.” ಲೂಷಿಯಸ್ ನಿಧಾನವಾಗಿ, ಬಿಡಿಸಿ ಬಿಡಿಸಿ ಹೇಳಿದ. “ಮಕ್ಕಳ ಹಾಡಿನ ಕಾರ್ಯಕ್ರಮ. ಮೀನಿನ ಕಾರ್ಖಾನೆಯಿಂದ ನೆಟ್ಟಗೆ ಹೋಗಿದ್ದೆ, ಮೈಯೆಲ್ಲ ನಾತ. ಯಾರಿಗೂ ಮುಜುಗರ ಆಗ್ಬಾರ್ದು ಅಂತ ಹಿಂದಿನ ಬಾಗಿಲ ಹತ್ರ ಕತ್ತಲಲ್ಲೇ ನಿಂತು ಕೇಳಿ ಬಂದ್ಬಿಟ್ಟೆ. ಒಬ್ಬರೂ ನೋಡ್ಲಿಲ್ಲ. ಬರ್ಕೊಂಡ್ರಾ ಮೇಡಂ?”

“ನನ್ನ ಕಡೆ ನೋಡಿ ಮಾತಾಡಿ,” ನ್ಯಾಯಾಧೀಶರು ಗದರಿದರು.

“ಆಯ್ತು ಸ್ವಾಮಿ. ಹಳದಿ ಫ್ರಾಕಿನ ಹುಡುಗಿ ಒಬ್ಳು ಎರಡನೇ ಚರಣ ಮರೆತು ಮೊದಲನೇದನ್ನೇ ಇನ್ನೊಂದ್ಸಲ ಹಾಡಿದ್ಲು. ಎಲ್ಲರೂ ನಕ್ರು. ನಾನೊಬ್ಬನೇ ಚಪ್ಪಾಳೆ ಹೊಡೆದೆ.”

ಯಂತ್ರದ ಸದ್ದು ನಿಂತಿತು.

“ಮಿಸೆಸ್ ಬೋಲ್ಡನ್?”

“ಕ್ಷಮಿಸಿ ಸರ್, ಬೆರಳು ಜಾರ್ತು. ಅವರು... ಮುಂದೆ ಹೇಳ್ಲಿ.”

ಮುಂದೆ ಹೇಳಲು ಅವನಲ್ಲಿ ಏನೂ ಉಳಿದಿರಲಿಲ್ಲ.

“ಟ್ರೆಡ್‌ವೆಲ್ ಅವರೇ, ಕಥೆ ಚೆನ್ನಾಗಿದೆ, ದಾವೆ ನಿಲ್ಲಲ್ಲ,” ಎಂದರು ನ್ಯಾಯಾಧೀಶರು. “ಇಲ್ಲಿ ನೀವು ಗೆದ್ರೆ ನಿಮ್ಮ ಶಿಕ್ಷೇನೇ ತಪ್ಪು ಅಂದ ಹಾಗಾಗುತ್ತೆ. ಮೊದಲು ಬೇರೆ ದಾರೀಲಿ ಶಿಕ್ಷೆ ರದ್ದು ಮಾಡಿಸ್ಕೊಂಡು ಬನ್ನಿ. ಅದಕ್ಕೆ ಸಾಕ್ಷಿ ಬೇಕು, ನಿಮಗೆ ಯಾರೂ ಇಲ್ಲ. ವಜಾ.”

ಲೂಷಿಯಸ್ ಬೇಡಿ ಝಣಗುಟ್ಟಿಸುತ್ತ ಚಪ್ಪಾಳೆ ತಟ್ಟಿದ. “ಬಹಳ ಉಪಕಾರ ಆಯ್ತು ಸ್ವಾಮಿ! ಪೂರ್ತಿ ಕೇಳಿಸ್ಕೊಂಡ್ರಿ!”

ನ್ಯಾಯಾಧೀಶರು ಊಟವನ್ನೂ ಮರೆತು ಬಾಯಿಬಿಟ್ಟು ನೋಡಿದರು. ಸೋತವರಿಂದ ಅವರಿಗೆ ಬೈಗುಳ ತಿಂದು ರೂಢಿ.

“ನಡಿಯಜ್ಜಾ, ನಿಂಗೆ ಪೂರ್ತಿ ತಲೆ ಕೆಟ್ಟಿದೆ,” ಎಂದು ಹೋಬರ್ಟ್ ಅವನ ತೋಳು ಹಿಡಿದ. ಬಾಗಿಲವರೆಗೂ ಲೂಷಿಯಸ್ ನಗುತ್ತಲೇ ಹೋದ. ಅಲ್ಲಿ ಸ್ಟೆನೋ ಓಡಿಬಂದು ಅಡ್ಡ ನಿಂತಳು. ಅವಳ ಕಣ್ಣು ತುಂಬಿ ಹರಿಯುತ್ತಿತ್ತು.

“ಸಾಕ್ಷಿ ನಾನು ಹೇಳ್ತೀನಿ. ಹಳದಿ ಫ್ರಾಕಲ್ಲಿ ಹಾಡ್ತಿದ್ದಾಗ ಆ ಚಪ್ಪಾಳೆ ನಂಗೆ ಕೇಳಿಸಿತ್ತು, ಅಪ್ಪಾ.”