ಅತ್ತೆಯ ಪಾಲು

“ನಿನ್ನ ನಗು ನೋಡು, ಥೇಟ್ ನನ್ನ ಗಂಡನ ತಂಗೀದೇ! ಇವತ್ತಿಂದ ನೀನು ನನ್ನ ನಾದಿನಿ ಕಣೇ, ನಂಗಾಲ ಕುಲದವಳು,” ಎನ್ನುತ್ತ ಆದಿವಾಸಿ ನುಂಗರಾಯಿ ಅಜ್ಜಿ ಪ್ರವಾಸಿ ಸಿಗ್ರಿಡ್‌ಳ ಬೆನ್ನು ತಟ್ಟಿದಳು.

ಪಕ್ಕದಲ್ಲೇ ಉಡ ಸುಡುತ್ತಿದ್ದ ಜಕಮಾರ ಥಟ್ಟನೆ ಬೆನ್ನು ತಿರುಗಿಸಿ ಕುಳಿತ. ಆಸ್ಟ್ರೇಲಿಯದ ಮರಳುಗಾಡಿನಲ್ಲಿ ಮೂರು ದಿನ ಜೀಪು ಓಡಿಸುತ್ತ ಸಿಗ್ರಿಡ್‌ಳನ್ನು ನಗಿಸಿದ್ದವನು ಈಗ ಕರೆದರೂ ಓಗೊಡಲಿಲ್ಲ.

“ನನ್ನಿಂದ ತಪ್ಪೇನಾದ್ರೂ ಆಯ್ತಾ, ಅಜ್ಜಿ?” ಸಿಗ್ರಿಡ್ ಕೇಳಿದಳು. ತನ್ನ ಊರಿನಲ್ಲಿ ಅವಳಿಗೆ ತನ್ನವರೆಂದು ಯಾರೂ ಉಳಿದಿರಲಿಲ್ಲ.

“ತಪ್ಪು ನಂದೇ! ನಂಗಾಲ ಹೆಂಗಸರು ಅವನ ಕುಲಕ್ಕೆ ಹೆಣ್ಣು ಕೊಡೋ ಅತ್ತೆಯರು ಅನ್ನೋದೇ ಮರೆತುಬಿಟ್ಟೆ. ನಮ್ಮಲ್ಲಿ ಅಳಿಯ ಆದವನು ಅತ್ತೆ ಮುಖ ನೋಡ್ತಾನಾ, ಮಾತಾಡ್ತಾನಾ? ಪಾಪ, ವಾಚಾಳಿ ಬಾಯಿಗೆ ಬೀಗ ಬಿತ್ತು!”

“ಹಾಗಾದ್ರೆ ಆ ಹೆಸರು ವಾಪಸ್ ತಗೊಳ್ಳಿ.”

“ಸಂಬಂಧ ಅಂದ್ರೆ ಏನು ಅಂಗಡಿ ಸಾಮಾನೇನೇ?”

ಜಕಮಾರ ತಿರುಗಿ ನೋಡದೆ ಕೈಯನ್ನು ಹಿಂದಕ್ಕೆ ಚಾಚಿ, ಉಡದ ಎಲ್ಲಕ್ಕಿಂತ ರುಚಿಯಾದ, ಕೊಬ್ಬು ತುಂಬಿದ ಬಾಲವನ್ನು ಸೊಪ್ಪಿನ ಮೇಲಿಟ್ಟು ತನ್ನ ಹೊಸ ಅತ್ತೆಯ ಕಡೆಗೆ ಸರಿಸಿದ.