ಮಾಮಾನ ರಬ್ಬರ್ ಹುಳು

ಹೊಸ ರಬ್ಬರಿನ ವಾಸನೆ ಬಂದರೆ ಈಗಲೂ ನನಗೆ ಶಿಗ್ಗಾಂವದ ಮಾಮಾ, ಅಪ್ಪನ ಅಕ್ಕನ ಗಂಡ, ನೆನಪಾಗಿ ಹೇಸಿಕೆಯಾಗುತ್ತದೆ. ತಿಳವಳ್ಳಿಯ ಕೆರೆದಂಡೆಯಲ್ಲಿ ಆ ಜಂಬಗಾರ ಗಾಳಕ್ಕೆ ಸಿಕ್ಕಿಸುವ ರಬ್ಬರ್ ಹುಳುಗಳ ಡಬ್ಬಿ ತೆರೆದು, ಅವ್ವನ ಎರೆಹುಳು ನೋಡಿ "ಥೂ" ಎಂದಿದ್ದ.

"ನೀರು ರಾಡಿ ಐತ್ರಿ. ಕರೇದು ಹಾಕ್ರಿ, ಸಣ್ಣ ಗುಂಡು ಸಾಕು," ಎಂದಳು ಅವ್ವ.

"ಹೆಂಗಸರಿಗೇನ್ ತಿಳೀತೈತಿ?" ಎಂದವನು ಗುಲಾಬಿ ಹುಳುವಿಗೆ ದಪ್ಪ ಸೀಸದ ಗುಂಡು ಕಟ್ಟಿದ. ಮಧ್ಯಾಹ್ನವಿಡೀ ಅದು ಕೆಸರಿನಲ್ಲೇ ಹೂತುಕೊಂಡಿತ್ತು. ಬೇಸತ್ತು ಅವನು ನೆರಳಿಗೆ ಹೋದಾಗ ಅವ್ವ ಕರಿ ಹುಳುವಿಗೆ ಸಣ್ಣ ಗುಂಡು ಕಟ್ಟಿ ಎಸೆದಳು. ಮೊಳದುದ್ದದ ಮೀನು ಸಿಕ್ಕಿತು. ಓಡಿಬಂದ ಮಾಮಾ ಅದನ್ನು ಕಸಿದುಕೊಂಡು, ನನ್ನ ಕೈಗೆ ಮೊಬೈಲ್ ಕೊಟ್ಟ.

"ನಾ ಹಿಡದದ್ದು. ಫೋಟೋ ತಗಿ."

ರಾತ್ರಿ ಅವ್ವ ಅದೇ ಮೀನಿನ ಸಾರು ಬಡಿಸಿದಳು. ಉಂಡವನು ತಾಟು ತೊಳೆಯಲು ನನಗೆ ಹೇಳಿದ. ನಾನು ಏಳಲಿಲ್ಲ. ಅವ್ವ ಬೈಯಲೂ ಇಲ್ಲ.